ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು, ಶಾಲಾ ಶಿಕ್ಷಕಿ. ಹಾರ್ಮೋನಿಯಂ ನುಡಿಸಿಕೊಂಡು ಭಾವಗೀತೆ, ದೇವರನಾಮ ಹಾಡುತ್ತೇನೆ. ಮಗ ತಬಲಾ ಕಲಿಯುತ್ತಿದ್ದಾನೆ. ನಮ್ಮ ಅತ್ತೆಗೆ 76 ವರ್ಷ. ಹಸೆ ಹಾಡು, ಸೋಬಾನೆ, ಆರತಿ ಹಾಡು ಎಷ್ಟು ಬರುತ್ತವೋ ಲೆಕ್ಕವಿಲ್ಲ. ಅವನ್ನೂ ಹಿಡಿದಿಡಬೇಕು, ನಮ್ಮ ಹಾಡುಗಳನ್ನೂ ಚೆನ್ನಾಗಿ ರೆಕಾರ್ಡ್ ಮಾಡಬೇಕು ಅಂತ ಆಸೆ. ಮನೆಯಲ್ಲಿರುವುದು ವಿಂಡೋಸ್ 10ರ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಒಟ್ಟು 15 ಸಾವಿರ ರೂಪಾಯಿ ಖರ್ಚು ಮಾಡಬಹುದು. ಒಬ್ಬರು ಪ್ರೊ ಟೂಲ್ಸ್ ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ಮಗನ ಸ್ನೇಹಿತ ಎಫ್‌ಎಲ್ ಸ್ಟುಡಿಯೋ ಕ್ರ್ಯಾಕ್ ಮಾಡಿದ್ದು ಕೊಡುತ್ತೇನೆ ಅಂದಿದ್ದಾನೆ. ನಾನು ಆಡಾಸಿಟಿ, ರೀಪರ್ ಎರಡನ್ನೂ ಇಳಿಸಿಕೊಂಡಿದ್ದೇನೆ. ಯಾವುದರಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ? ಯಾವುದನ್ನು ಕಲಿಯಲಿ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅತ್ತೆಯವರ ಹಾಡಿಗೆ ಆಡಾಸಿಟಿ ಸಾಕು. ನೀವು ಮತ್ತು ಮಗ ಸೇರಿ ಮಾಡುವ ಹಾಡಿಗೆ ರೀಪರ್ ಕಲಿಯಿರಿ. ಮೂರನೆಯದು ಬೇಡ. ಇನ್ನು ಆರು ತಿಂಗಳು ಯಾರು ಏನೇ ಹೇಳಿದರೂ ಹೊಸದನ್ನು ಇಳಿಸಿಕೊಳ್ಳಬೇಡಿ.

ಸೌಂಡ್ ಯಾವುದರಲ್ಲಿ ಚೆನ್ನಾಗಿ ಬರುತ್ತದೆ ಅಂತ ಕೇಳಿದ್ದೀರಿ. ಈ ಪ್ರಶ್ನೆ ನನಗೆ ತುಂಬಾ ಜನ ಕೇಳಿದ್ದಾರೆ. ಒಂದೇ ಮಾತಲ್ಲಿ ಹೇಳುವುದಾದರೆ, ಎಲ್ಲದರಲ್ಲೂ ಒಂದೇ. ಮೈಕ್‌ನಿಂದ ಬರುವ ಕರೆಂಟನ್ನು ಅಂಕಿಗಳಾಗಿ ಬದಲಾಯಿಸುವುದು ಸೌಂಡ್ ಕಾರ್ಡ್ (ಕಂಪ್ಯೂಟರಿನೊಳಗೇ ಇರಬಹುದು, ಹೊರಗೆ ಜೋಡಿಸುವ ಪುಟ್ಟ ಡಬ್ಬಿಯೂ ಆಗಬಹುದು). ಸಾಫ್ಟ್‌ವೇರ್ ಆ ಅಂಕಿಗಳನ್ನು ಬಂದ ಹಾಗೇ ಬರೆದಿಡುತ್ತದೆ, ಅಷ್ಟೇ. ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಒಂದೇ ಹಾಡಿನ ಫೈಲನ್ನು ಎರಡು ಬೇರೆ ಸಾಫ್ಟ್‌ವೇರ್‌ಗೆ ಹಾಕಿ. ಏನೂ ಬದಲಾಯಿಸದೆ, ಅದೇ ಬಿಟ್ ಅಳತೆಯಲ್ಲಿ ಮತ್ತೆ ಹೊರಗೆ ತೆಗೆಯಿರಿ. ಬಂದ ಎರಡು ಫೈಲನ್ನು ಒಂದರ ಕೆಳಗೆ ಒಂದಿಟ್ಟು, ಒಂದರ ಅಲೆಯನ್ನು ತಲೆಕೆಳಗು ಮಾಡಿ ಒಟ್ಟಿಗೆ ಬಿಡಿ. ಏನೂ ಕೇಳುವುದಿಲ್ಲ. ಪೂರ್ತಿ ನಿಶ್ಶಬ್ದ. ಎರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಆ ವ್ಯತ್ಯಾಸ ಸಣ್ಣಗೆ ಕೇಳಿಸಬೇಕಿತ್ತು, ಅಲ್ವಾ?

ಹಾಗಾದರೆ ಇಷ್ಟೊಂದು ಸಾಫ್ಟ್‌ವೇರ್ ಯಾಕಿವೆ? ಒಂದೊಂದೂ ಒಂದೊಂದು ಥರದ ಕೆಲಸಕ್ಕೆ ಹುಟ್ಟಿದ್ದು. ನಿಮ್ಮ ಕೆಲಸ ಯಾವುದು ಅನ್ನುವುದನ್ನು ಹಿಡಿದು ಆರಿಸಬೇಕೇ ಹೊರತು ದೊಡ್ಡ ಸ್ಟುಡಿಯೋದಲ್ಲಿ ಏನಿದೆ ಅಂತ ನೋಡಿ ಅಲ್ಲ. ನಿಮ್ಮ ಪತ್ರದಲ್ಲಿ ಕೆಲಸ ಎರಡಿವೆ. ಎರಡೂ ಒಂದೇ ಅಲ್ಲ.

ಮೊದಲನೆಯದು ಅತ್ತೆಯವರ ಹಾಡು. ಅಲ್ಲಿರುವುದು ಒಂದು ಬಾಯಿ, ಒಂದು ಮೈಕ್. ಪದರ ಪದರವಾಗಿ ಕಟ್ಟುವುದು ಏನೂ ಇಲ್ಲ. ಬೇಕಾಗಿರುವುದು ಕೆಂಪು ಗುಂಡಿ ಒತ್ತಿದ ತಕ್ಷಣ ಶುರುವಾಗುವ, ಗಂಟೆಗಟ್ಟಲೆ ಓಡಿದರೂ ತಡವರಿಸದ ಒಂದು ಸಾಧನ. ಆಡಾಸಿಟಿ ಅದೇ. 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಹೊರಬಂತು. ಅವತ್ತಿನಿಂದ ಇವತ್ತಿನವರೆಗೂ ಉಚಿತ. ನಿಮ್ಮ ಲ್ಯಾಪ್‌ಟಾಪ್‌ಗೆ ಭಾರವೂ ಆಗುವುದಿಲ್ಲ. ತೆರೆದು ಹತ್ತು ನಿಮಿಷ ಕೈಯಾಡಿಸಿದರೆ ರೆಕಾರ್ಡ್ ಮಾಡುವುದು, ಬೇಡದ ಭಾಗ ಕತ್ತರಿಸುವುದು, ಫೈಲ್ ಮಾಡಿ ಇಡುವುದು ಮೂರೂ ಬಂದುಬಿಡುತ್ತವೆ.

ಆಡಾಸಿಟಿಯಲ್ಲಿ ಒಂದು ಕಡೆ ಮಾತ್ರ ಹುಷಾರಾಗಿರಿ. ಅದರ ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಅಂತ ಇದೆ. ಹಾಡಿಲ್ಲದ ಜಾಗದ ಎರಡು ಸೆಕೆಂಡು ಗುರುತು ಮಾಡಿ 'ಇದು ಗಲಾಟೆ' ಅಂತ ತೋರಿಸಿದರೆ, ಆ ಥರದ ಸದ್ದನ್ನು ಇಡೀ ಹಾಡಿನಿಂದ ತೆಗೆಯುತ್ತದೆ. ಫ್ಯಾನಿನ ಗುಂಯ್ ಅನ್ನುವ ಸದ್ದು ಹೋಗುವುದನ್ನು ಮೊದಲ ಸಲ ಕೇಳಿದಾಗ ಮಾಯವೇ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಹಿರಿಯರ ಹಾಡನ್ನು ತಂಬೂರಿ ಸಮೇತ ಒಂದೇ ಮೈಕ್‌ನಲ್ಲಿ ಹಿಡಿದಿದ್ದೆ. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡು ಗುರುತು ಮಾಡಿ ಗಲಾಟೆ ತೆಗೆದೆ. ಆ ಎರಡು ಸೆಕೆಂಡಿನಲ್ಲಿ ಫ್ಯಾನಿನ ಜೊತೆ ತಂಬೂರಿಯೂ ಮೀಟುತ್ತಿತ್ತು. ಕಂಪ್ಯೂಟರಿಗೆ ತಂಬೂರಿ ಯಾವುದು, ಫ್ಯಾನ್ ಯಾವುದು ಅಂತ ಗೊತ್ತಿಲ್ಲ. ಬಿಡದೆ ಒಂದೇ ಸಮ ಇರುವ ಸದ್ದೆಲ್ಲ ಅದಕ್ಕೆ ಗಲಾಟೆಯೇ. ತಂತಿಯ ಆ ಝೇಂಕಾರವೆಲ್ಲ ಹೋಗಿ, ನೀರಿನೊಳಗಿಂದ ಬಂದ ಹಾಗೆ ಗುಳುಗುಳು ಅನ್ನುವ ಸದ್ದು ಉಳಿಯಿತು. ಹಾಡಿನ ಮೇಲೇ ಸೇವ್ ಮಾಡಿದ್ದರಿಂದ ಮೂಲವೂ ಕೈಬಿಟ್ಟಿತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಎರಡು ಮಾತು. ಮೂಲ ಫೈಲನ್ನು ಮುಟ್ಟಲೇಬೇಡಿ, ನಕಲಿನ ಮೇಲೆ ಮಾತ್ರ ಕೈಯಿಡಿ. ಗಲಾಟೆ ತೆಗೆಯಲೇಬೇಕಾದರೆ 6 ಡೆಸಿಬೆಲ್ ಇಳಿಸಿ, ಹೆಚ್ಚೆಂದರೆ 10. ಪೂರ್ತಿ ಹೋಗಲಿ ಅಂತ ಆಸೆಪಟ್ಟರೆ ಹಾಡಿನ ಸೊಗಡೂ ಜೊತೆಗೆ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸುವುದು. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಂಚಿನ ಮೇಲೆ ಮಳೆ ಬಡಿಯುತ್ತಲೇ ಇರುತ್ತದೆ. ಆ ಸದ್ದನ್ನು ಯಾವ ಸಾಫ್ಟ್‌ವೇರೂ ಹಾಡು ಕೆಡದ ಹಾಗೆ ತೆಗೆಯಲಾರದು. ಮಳೆ ಬಿಟ್ಟ ಹೊತ್ತು ನೋಡಿ ಕೂರಿ.

ಎರಡನೆಯ ಕೆಲಸ ನಿಮ್ಮದು. ದನಿ, ಹಾರ್ಮೋನಿಯಂ, ತಬಲಾ, ತಂಬೂರಿ. ನಾಲ್ಕನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ, ಅಂದರೆ ಬೇರೆ ಬೇರೆ ಪದರದಲ್ಲಿ, ಹಿಡಿದು ಆಮೇಲೆ ಹದ ಮಾಡಬೇಕು. ಇದು ಆಡಾಸಿಟಿಯಲ್ಲೂ ಆಗುತ್ತದೆ, ಆದರೆ ಒದ್ದಾಟ ಜಾಸ್ತಿ. ಮೊದಲು ರೆಕಾರ್ಡ್ ಆದ ತಬಲಾ ಕೇಳಿಕೊಂಡು ನೀವು ಹಾಡಿದಾಗ, ಹೊಸ ಟ್ರ್ಯಾಕ್ ಸ್ವಲ್ಪ ಹಿಂದೆಯೋ ಮುಂದೆಯೋ ಹೋಗಿ ಕೂರುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕ ಹಾಕಿ ನೀವೇ ಸರಿಮಾಡಬೇಕು. ರೀಪರ್ ಈ ಲೆಕ್ಕವನ್ನು ಸೌಂಡ್ ಕಾರ್ಡಿನ ಡ್ರೈವರ್‌ನಿಂದಲೇ (ಸೌಂಡ್ ಕಾರ್ಡಿಗೂ ಕಂಪ್ಯೂಟರಿಗೂ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್) ಕೇಳಿ ತಿಳಿದುಕೊಳ್ಳುತ್ತದೆ.

ರೀಪರ್ ಮಾಡಿದ್ದು ಕಾಕೋಸ್ ಅನ್ನುವ ಸಣ್ಣ ಕಂಪನಿ. ಅದನ್ನು ಕಟ್ಟಿದವರು ಜಸ್ಟಿನ್ ಫ್ರಾಂಕೆಲ್. ಎಂಪಿ3 ಬಂದ ಹೊಸತರಲ್ಲಿ ನಮ್ಮ ಕಂಪ್ಯೂಟರುಗಳಲ್ಲೆಲ್ಲ ವಿನ್‌ಆಂಪ್ ಇರುತ್ತಿತ್ತು, ನೆನಪಿದೆಯಾ? ಅದನ್ನು ಮಾಡಿದವರೂ ಅವರೇ. ರೀಪರ್ ಇಳಿಸಿಕೊಳ್ಳುವ ಫೈಲ್ ಎಷ್ಟು ಚಿಕ್ಕದೆಂದರೆ ಫೋನಿನ ನಾಲ್ಕೈದು ಫೋಟೋ ಸೇರಿದಷ್ಟು. ಇದರ ಎದುರಿಗೆ ಬೇರೆ ದೊಡ್ಡ ಸಾಫ್ಟ್‌ವೇರುಗಳು ಹಲವು ಜಿಬಿ ತಿನ್ನುತ್ತವೆ. 4 ಜಿಬಿ ರ‍್ಯಾಮ್‌ನ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏಳೆಂಟು ಟ್ರ್ಯಾಕ್ ಆರಾಮಾಗಿ ಓಡುತ್ತದೆ.

ಅದು ಉಚಿತವಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಯಾವ ಸೌಲಭ್ಯಕ್ಕೂ ಬೀಗ ಹಾಕಿರುವುದಿಲ್ಲ. ಆಮೇಲೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಸ್ವಂತಕ್ಕೆ ಬಳಸುವವರಿಗೆ 60 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ ಆಸುಪಾಸು. 60 ದಿನ ಮುಗಿದ ಮೇಲೂ ಅದು ನಿಂತುಹೋಗುವುದಿಲ್ಲ, ತೆರೆದಾಗಲೆಲ್ಲ ಒಂದು ಸಣ್ಣ ಕಿಟಕಿ ಬಂದು ನೆನಪಿಸುತ್ತದೆ. ತುಂಬಾ ಜನ ಆ ಕಿಟಕಿ ಮುಚ್ಚಿಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ನೀವು ಹಾಗೆ ಮಾಡಬೇಡಿ. ನಂಬಿಕೆಯ ಮೇಲೆ ಬೀಗ ಹಾಕದೆ ಬಿಟ್ಟವರು ಅವರು. ಎರಡು ತಿಂಗಳಲ್ಲಿ ಅದು ನಿಮ್ಮ ಕೈಗೆ ಹತ್ತಿತು ಅನಿಸಿದರೆ ದುಡ್ಡು ಕೊಡಿ.

ಪ್ರೊ ಟೂಲ್ಸ್ ವಿಷಯ. ಸಿನಿಮಾ ಕೆಲಸ ಮಾಡುವ ದೊಡ್ಡ ಸ್ಟುಡಿಯೋಗಳಲ್ಲಿ ಅದು ನಡೆಯುತ್ತದೆ ಅನ್ನುವುದು ನಿಜ. ಒಂದು ಸ್ಟುಡಿಯೋದ ಫೈಲ್ ಇನ್ನೊಂದರಲ್ಲಿ ಹಾಗೇ ತೆರೆಯಬೇಕು, ಅದಕ್ಕೆ ಎಲ್ಲರೂ ಒಂದನ್ನೇ ಇಟ್ಟುಕೊಂಡಿರುತ್ತಾರೆ. ನಿಮಗೆ ಆ ಹಂಗಿಲ್ಲ. ಅದರ ಉಚಿತ ಆವೃತ್ತಿಯೂ ಇದೆ, ಎಂಟು ಆಡಿಯೋ ಟ್ರ್ಯಾಕ್‌ಗೆ ಮಿತಿ. ಹಳೆಯ ಲ್ಯಾಪ್‌ಟಾಪ್‌ಗೆ ಭಾರ.

ಎಫ್‌ಎಲ್ ಸ್ಟುಡಿಯೋ ಬಗ್ಗೆ ಮಗನಿಗೆ ಹೇಳಿ, ಅದು ಕೆಟ್ಟದ್ದಲ್ಲ, ನಿಮ್ಮ ಕೆಲಸದ್ದಲ್ಲ. ಬೀಟ್ ಕಟ್ಟುವವರಿಗೆ, ಕೀಬೋರ್ಡಿನಲ್ಲಿ ಇಡೀ ಹಾಡು ಜೋಡಿಸುವವರಿಗೆ ಅದರಂಥದ್ದು ಇಲ್ಲ. ಒಮ್ಮೆ ಕೊಂಡರೆ ಜೀವಮಾನವಿಡೀ ಹೊಸ ಆವೃತ್ತಿ ಉಚಿತವಾಗಿ ಕೊಡುತ್ತಾರೆ, ಅದು ದೊಡ್ಡ ಮಾತು. ಆದರೆ ಅದರ ಅತಿ ಅಗ್ಗದ ಆವೃತ್ತಿಯಲ್ಲಿ ದನಿ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ನಿಮ್ಮ ಮನೆಯಲ್ಲಿ ನಿಜವಾದ ತಬಲಾ ಇರುವಾಗ ಚೌಕದೊಳಗೆ ಬೀಟ್ ಇಡುವ ಸಾಫ್ಟ್‌ವೇರ್ ಯಾಕೆ? ಏಬಲ್ಟನ್ ಲೈವ್, ಕ್ಯೂಬೇಸ್ ಇವೆರಡರ ಕಿರಿಯ ಆವೃತ್ತಿಗಳು ಎಷ್ಟೋ ಸೌಂಡ್ ಕಾರ್ಡ್‌ಗಳ ಜೊತೆ ಪುಕ್ಕಟೆ ಬರುತ್ತವೆ. ಬಂದರೆ ಇಟ್ಟಿರಿ, ಈಗ ತೆರೆಯಬೇಡಿ. ಆಪಲ್ ಕಂಪ್ಯೂಟರೋ ಐಫೋನೋ ಇದ್ದಿದ್ದರೆ ಗರಾಜ್‌ಬ್ಯಾಂಡ್ ಅಂತ ಹೇಳಿ ಇಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ, ಅದು ಉಚಿತ ಮತ್ತು ನಿಜಕ್ಕೂ ಚೆನ್ನಾಗಿದೆ.

ಕ್ರ್ಯಾಕ್ ಬೇಡ. ಕಾನೂನಿನ ಮಾತು ಹಾಗಿರಲಿ. ಬೀಗ ಒಡೆದ ಸಾಫ್ಟ್‌ವೇರ್ ಹಾಕುವಾಗ ಮೊದಲು ಆಂಟಿವೈರಸ್ ಆರಿಸಿ ಅಂತ ಅವರೇ ಹೇಳುತ್ತಾರೆ. ಬಾಗಿಲು ತೆರೆದಿಟ್ಟು ಒಳಗೆ ಬನ್ನಿ ಅಂದ ಹಾಗೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಅತ್ತೆಯವರ ಹಾಡುಗಳಿರುತ್ತವೆ, ನಿಮ್ಮ ಬ್ಯಾಂಕಿನ ಕೆಲಸವೂ ನಡೆಯುತ್ತಿರಬಹುದು. ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪನ್ನು ರೆಕಾರ್ಡಿಂಗ್‌ಗೆ ಮಾತ್ರ ಇಟ್ಟು, ನೆಟ್ ತೆಗೆದುಬಿಡಿ. ಇದರಿಂದ ರೆಕಾರ್ಡ್ ಮಾಡುವಾಗ ಅಪ್‌ಡೇಟ್ ಶುರುವಾಗಿ ತೊದಲುವ ಕಾಟವೂ ತಪ್ಪುತ್ತದೆ.

ಈಗ ಲೇಟೆನ್ಸಿ, ಅಂದರೆ ಹಾಡಿದ್ದು ಹೆಡ್‌ಫೋನಿನಲ್ಲಿ ಕೇಳಲು ಆಗುವ ತಡ. ಮನೆಯಲ್ಲಿ ರೆಕಾರ್ಡ್ ಮಾಡುವವರಲ್ಲಿ ಅರ್ಧ ಜನ ಇಲ್ಲೇ ಸೋತು ಬಿಟ್ಟುಬಿಡುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀವು ಹಾಡಿದ್ದು ಸೌಂಡ್ ಕಾರ್ಡ್ ದಾಟಿ, ಕಂಪ್ಯೂಟರಿಗೆ ಹೋಗಿ, ಮತ್ತೆ ಹೊರಬಂದು ಹೆಡ್‌ಫೋನಿನಲ್ಲಿ ಕೇಳಬೇಕು. ಕಂಪ್ಯೂಟರ್ ಸದ್ದನ್ನು ಒಂದೊಂದೇ ಹನಿಯಾಗಿ ತೆಗೆದುಕೊಳ್ಳುವುದಿಲ್ಲ, ಕೊಡ ತುಂಬಿದ ಮೇಲೆ ಹೊತ್ತೊಯ್ಯುವ ಹಾಗೆ ತೆಗೆದುಕೊಳ್ಳುತ್ತದೆ. ಆ ಕೊಡಕ್ಕೆ ಬಫರ್ ಅನ್ನುತ್ತಾರೆ. ಸೆಕೆಂಡಿಗೆ 48,000 ಅಂಕಿ ಬರುವಾಗ 1024ರ ಬಫರ್ ತುಂಬಲು ಸುಮಾರು 21 ಮಿಲಿಸೆಕೆಂಡು ಬೇಕು. ಒಳಗೆ ಹೋಗುವಾಗ ಒಂದು ಕೊಡ, ಹೊರಗೆ ಬರುವಾಗ ಒಂದು. ಎರಡೂ ಸೇರಿ 40 ದಾಟಿತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ನಿಮ್ಮದೇ ದನಿ 14 ಮೀಟರ್ ಆಚೆ, ಅಂಗಳದ ತುದಿಯಲ್ಲಿ ನಿಂತವರು ಹಾಡಿದ ಹಾಗೆ ನಿಮಗೆ ಕೇಳುತ್ತದೆ. ಯಾವ ಹಾಡುಗಾರರಿಗೂ ತಾಳ ನಿಲ್ಲುವುದಿಲ್ಲ.

ಬಫರ್ 128ಕ್ಕೆ ಇಳಿಸಿದರೆ ಒಂದು ಕೊಡಕ್ಕೆ 3 ಮಿಲಿಸೆಕೆಂಡೂ ಬೇಡ. ಆದರೆ ಹಳೆಯ ಲ್ಯಾಪ್‌ಟಾಪ್ ಅಷ್ಟು ಬೇಗ ಓಡಾಡಲಾರದೆ ಪಟ್ ಪಟ್ ಅಂತ ಸದ್ದು ಮಾಡಬಹುದು. ನಿಮಗೆ ಇನ್ನೂ ಸುಲಭದ ದಾರಿ ಇದೆ. ಈಗಿನ ಸೌಂಡ್ ಕಾರ್ಡ್‌ಗಳಲ್ಲಿ ಡೈರೆಕ್ಟ್ ಮಾನಿಟರ್ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಮುಂಚೆಯೇ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ (ಹಾಡುತ್ತಿರುವುದನ್ನು ಕಂಪ್ಯೂಟರ್ ತಾನೂ ಕೇಳಿಸುವುದು) ಆರಿಸಿಬಿಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ. ಸೌಂಡ್ ಕಾರ್ಡಿನ ಕಂಪನಿಯೇ ಕೊಡುವ, ತಡ ಕಡಿಮೆ ಮಾಡುವ ಏಸಿಯೋ (ASIO) ಡ್ರೈವರ್ ಹಾಕಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಬ್ಲೂಟೂತ್ ಹೆಡ್‌ಫೋನ್ ಖಂಡಿತಾ ಆಗದು, ಅದರೊಳಗೇ ನೂರು ಮಿಲಿಸೆಕೆಂಡಿಗೂ ಜಾಸ್ತಿ ತಡ ಇರುತ್ತದೆ. ವೈರಿನದೇ ಬೇಕು.

ಇನ್ನು ನಮ್ಮ ಸಂಗೀತದ ವಿಷಯ. ಈ ಸಾಫ್ಟ್‌ವೇರುಗಳೆಲ್ಲ ಪಶ್ಚಿಮದಲ್ಲಿ ಹುಟ್ಟಿದವು. ತೆರೆದ ತಕ್ಷಣ ನಾಲ್ಕು ಎಣಿಕೆಯ ಗೆರೆ ಹಾಕಿ ಕೂತಿರುತ್ತವೆ. ದಾದ್ರಾ ಹಾಡಬೇಕಾದರೆ ಅದನ್ನು ಆರಕ್ಕೆ ಬದಲಾಯಿಸಿ, ಮಿಶ್ರಛಾಪು ಆದರೆ ಏಳಕ್ಕೆ, ಖಂಡಛಾಪು ಆದರೆ ಐದಕ್ಕೆ. ರೀಪರ್ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಆದರೂ ನನ್ನ ಮಾತು ಕೇಳಿ, ಮೊದಲ ದಿನವೇ ಕ್ಲಿಕ್ ಹಾಕಿಕೊಂಡು ಹಾಡಬೇಡಿ. ಟಿಕ್ ಟಿಕ್ ಕೇಳಿಕೊಂಡು ಹಾಡಿದ ಭಾವಗೀತೆ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗುತ್ತದೆ. ನೀವೂ ಮಗನೂ ಎದುರುಬದುರು ಕೂತು, ಒಂದು ಸಲ ಪೂರ್ತಿ ಹಾಡಿ ನುಡಿಸಿ ಸುಮ್ನೆ ಒಂದು ಟ್ರ್ಯಾಕ್ ಮಾಡಿ. ತಪ್ಪಿದ್ದರೂ ಪರವಾಗಿಲ್ಲ. ಅದನ್ನೇ ಕೇಳಿಕೊಂಡು ಅವನು ತಬಲಾ ಸರಿಯಾಗಿ ನುಡಿಸಲಿ. ಆಮೇಲೆ ಹಾರ್ಮೋನಿಯಂ, ಕೊನೆಗೆ ದನಿ. ಆ ಮೊದಲ ಟ್ರ್ಯಾಕನ್ನು ಕೊನೆಯಲ್ಲಿ ತೆಗೆದುಹಾಕಿ. ಹೀಗೆ ಮಾಡಿದರೆ ಲಯ ನಿಮ್ಮದೇ ಆಗಿರುತ್ತದೆ, ಟ್ರ್ಯಾಕುಗಳೂ ಬೇರೆ ಬೇರೆ ಸಿಗುತ್ತವೆ.

ಶ್ರುತಿಯಲ್ಲಿ ಒಂದು ತೊಡಕು ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಹಳೆಯ ಹಾರ್ಮೋನಿಯಂಗಳ ರೀಡು ಎಷ್ಟೋ ಸಲ ಕೀಬೋರ್ಡಿನ ಶ್ರುತಿಗೆ ಸರಿಯಾಗಿ ಕೂರುವುದಿಲ್ಲ. ನೀವು ಕಪ್ಪು ನಾಲ್ಕು ಅಂತ ಹಿಡಿದರೆ ಅದು ಕೀಬೋರ್ಡಿನ ಕಪ್ಪು ನಾಲ್ಕಕ್ಕಿಂತ ಕೂದಲಷ್ಟು ಮೇಲೋ ಕೆಳಗೋ ಇರುತ್ತದೆ. ಅದಕ್ಕೆ ಫೋನಿನ ತಂಬೂರಿ ಆ್ಯಪ್ ಹಾಕಿದಾಗ ಅಲೆ ಅಲೆಯಾಗಿ ಬಡಿದುಕೊಳ್ಳುತ್ತದೆ. ಆಗ ತಂಬೂರಿಯನ್ನು ಹಾರ್ಮೋನಿಯಂಗೆ ಸೇರಿಸಿ, ಆ್ಯಪ್‌ನಲ್ಲೂ ಎಲೆಕ್ಟ್ರಾನಿಕ್ ತಂಬೂರಿಯಲ್ಲೂ ಸಣ್ಣಗೆ ಶ್ರುತಿ ಸರಿಸುವ ತಿರುಪು ಇರುತ್ತದೆ. ತಬಲಾವನ್ನೂ ಅದಕ್ಕೇ ಸೇರಿಸಲಿ. ಮೊದಲೇ ರೆಕಾರ್ಡ್ ಆಗಿಹೋದ ತಂಬೂರಿ ಇದ್ದರೆ ರೀಪರ್‌ನಲ್ಲಿ ಆ ತುಣುಕಿನ ಶ್ರುತಿಯನ್ನು ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್, ನಿಮಗೆ ಬೇಕಾಗುವುದು ಹತ್ತೋ ಹದಿನೈದೋ. ತಂಬೂರಿಯನ್ನು ಹಾಡುವಾಗ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಕೊಳ್ಳಿ, ಮೈಕ್‌ಗೆ ಬೀಳದಿರಲಿ. ಯಾಕೆ ಅಂತ ಮೇಲೆ ಹೇಳಿದ ಕಥೆಯಲ್ಲೇ ಇದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ ಆಟೋಟ್ಯೂನ್, ಅಂದರೆ ತಪ್ಪಿದ ಶ್ರುತಿಯನ್ನು ಯಂತ್ರವೇ ಸರಿಮಾಡುವುದು. 1997ರಲ್ಲಿ ಬಂದ ಈ ಉಪಾಯವನ್ನು ಇವತ್ತು ಎಷ್ಟೋ ಸಾಫ್ಟ್‌ವೇರುಗಳು ಯಾವುದಾದರೂ ಹೆಸರಲ್ಲಿ ಕೊಡುತ್ತವೆ, ರೀಪರ್‌ನಲ್ಲಿ ರಿಯಾಟ್ಯೂನ್ ಅಂತಿದೆ. ತಾನಾಗಿ ಸರಿಮಾಡು ಅಂತ ಬಿಟ್ಟರೆ ಅದು ನಿಮ್ಮ ದನಿಯನ್ನು ಹನ್ನೆರಡು ಮನೆಗಳಲ್ಲಿ ಯಾವುದು ಹತ್ತಿರವೋ ಅದರೊಳಗೆ ತಳ್ಳುತ್ತದೆ. ತೋಡಿ ರಾಗದ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ತೂಗುವ ಸ್ವರ. ಆ ತೂಗಾಟವನ್ನು ಈ ಯಂತ್ರ ತಪ್ಪು ಅಂದುಕೊಂಡು ಮೆಟ್ಟಿಲು ಮೆಟ್ಟಿಲು ಮಾಡಿಬಿಡುತ್ತದೆ. ಭಾವಗೀತೆಯ ಒಂದು ಜಾರು ಕೂಡ ಹೀಗೇ ಮುರಿಯುತ್ತದೆ. ಒಂದು ಸ್ವರ ತಪ್ಪಿದರೆ ಆ ಸಾಲನ್ನು ಮತ್ತೆ ಹಾಡಿ. ಮನೆಯಲ್ಲಿ ಗಂಟೆಗಿಷ್ಟು ಅಂತ ಬಾಡಿಗೆ ಕೊಡಬೇಕಾಗಿಲ್ಲವಲ್ಲ. ಮನೆ ರೆಕಾರ್ಡಿಂಗ್‌ನ ದೊಡ್ಡ ಸುಖವೇ ಅದು.

ಮತ್ತೆ ಹಾಡಿದ ಸಾಲನ್ನು ಜೋಡಿಸುವುದು ಹೇಗೆ ಅಂತ ಒಂದು ಗುಟ್ಟು ಹೇಳುತ್ತೇನೆ. ರೀಪರ್‌ನಲ್ಲಿ ಅದೇ ಟ್ರ್ಯಾಕಿನ ಮೇಲೆ ಮೂರು ಸಲ ಹಾಡಿದರೆ ಮೂರೂ ಟೇಕ್ ಉಳಿಯುತ್ತವೆ, ಹಳೆಯದು ಅಳಿಸಿಹೋಗುವುದಿಲ್ಲ. ಒಳ್ಳೆಯ ತುಂಡುಗಳನ್ನು ಆರಿಸಿ ಸೇರಿಸಬಹುದು. ಕತ್ತರಿ ಎಲ್ಲಿ ಹಾಕಬೇಕು? ಉದ್ದ ಸ್ವರ ಎಳೆಯುವ ಜಾಗದಲ್ಲಿ ಹಾಕಿದರೆ ಕಿವಿಗೆ ಹೊಡೆಯುತ್ತದೆ. ಕ, ತ, ಪ ಬರುವ ಜಾಗ ಹುಡುಕಿ. 'ಪ' ಅನ್ನುವ ಮುಂಚೆ ತುಟಿ ಮುಚ್ಚಿಕೊಳ್ಳುತ್ತದೆ, ಆ ಕ್ಷಣ ದನಿ ನಿಂತಿರುತ್ತದೆ. ಪರದೆ ಮೇಲೆ ದೊಡ್ಡದು ಮಾಡಿ ನೋಡಿದರೆ ಅಲೆಯ ನಡುವೆ ತೆಳ್ಳಗಿನ ಒಂದು ಗೆರೆ ಕಾಣುತ್ತದೆ. ಕತ್ತರಿ ಅಲ್ಲಿ ಹಾಕಿ, ಎರಡೂ ತುಂಡನ್ನು ಹತ್ತು ಮಿಲಿಸೆಕೆಂಡಿನಷ್ಟು ಒಂದರ ಮೇಲೊಂದು ಹೊದಿಸಿ. ನಿಮಗೇ ಆಮೇಲೆ ಎಲ್ಲಿ ಸೇರಿಸಿದೆ ಅಂತ ಗೊತ್ತಾಗುವುದಿಲ್ಲ. ಉಸಿರನ್ನು ಮಾತ್ರ ಪೂರ್ತಿ ಕತ್ತರಿಸಬೇಡಿ. ಉಸಿರಿಲ್ಲದ ಹಾಡು ಕೇಳುವವರಿಗೂ ಉಸಿರುಗಟ್ಟಿಸುತ್ತದೆ.

ಸೆಟ್ಟಿಂಗ್ ಒಂದು ಸಲ ಮಾಡಿ ಮರೆತುಬಿಡಿ. 48,000 ಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದು ಮೈಕಿನ ಒಂದು ನಿಮಿಷಕ್ಕೆ ಎಂಟೂವರೆ ಎಂಬಿ ಆಗುತ್ತದೆ, ಐದು ನಿಮಿಷದ ಹಾಡಿಗೆ ಆರು ಟ್ರ್ಯಾಕ್ ಅಂದರೆ ಸುಮಾರು 260 ಎಂಬಿ. ಎಂಪಿ3 ಮಾಡುವುದು ವಾಟ್ಸಾಪ್‌ನಲ್ಲಿ ಕಳಿಸುವಾಗ ಮಾತ್ರ. ಲೆವೆಲ್ ಅತಿ ಜೋರಾಗಿ ಹಾಡುವ ಜಾಗದಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಕಡಿಮೆ ಬಂದರೆ ಆಮೇಲೆ ಏರಿಸಬಹುದು, ಕೆಂಪಾಗಿ ಒಡೆದ ದನಿ ಮತ್ತೆ ಸರಿಯಾಗುವುದಿಲ್ಲ.

ಸೇವ್ ಮಾಡುವಾಗ ರೀಪರ್ ಮತ್ತು ಆಡಾಸಿಟಿಗೆ ಒಂದು ವ್ಯತ್ಯಾಸ ಇದೆ. ಈಗಿನ ಆಡಾಸಿಟಿ ಎಲ್ಲವನ್ನೂ ಒಂದೇ ಫೈಲಿನೊಳಗೆ ತುಂಬುತ್ತದೆ. ರೀಪರ್‌ನ ಪ್ರಾಜೆಕ್ಟ್ ಫೈಲ್ ಬರೀ ಲೆಕ್ಕದ ಚೀಟಿ. ಯಾವ ಟ್ರ್ಯಾಕ್ ಎಲ್ಲಿ, ಎಷ್ಟು ಜೋರು ಅಂತ ಬರೆದಿರುತ್ತದೆ, ದನಿ ಬೇರೆ ಫೈಲಿನಲ್ಲಿರುತ್ತದೆ. ಆ ಚೀಟಿ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದವರು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹಾಡೇ ಇಲ್ಲ ಅಂತ ಗಾಬರಿಯಾಗಿ ನನಗೆ ಫೋನ್ ಮಾಡಿದ್ದುಂಟು. ಮೊದಲ ಸಲ ಸೇವ್ ಮಾಡುವ ಕಿಟಕಿಯಲ್ಲೇ ಪ್ರಾಜೆಕ್ಟ್‌ಗೆ ಬೇರೆ ಫೋಲ್ಡರ್ ಮಾಡು, ಎಲ್ಲ ಆಡಿಯೋ ಅದರೊಳಗೆ ನಕಲು ಮಾಡು ಅನ್ನುವ ಎರಡು ಚೌಕಗಳಿವೆ. ಎರಡಕ್ಕೂ ಟಿಕ್ ಹಾಕಿ. ಕೊಡುವಾಗ ಇಡೀ ಫೋಲ್ಡರ್ ಕೊಡಿ.

ದುಡ್ಡಿನ ಲೆಕ್ಕ. 15 ಸಾವಿರದಲ್ಲಿ ಐದು ರೀಪರ್‌ಗೆ ಅಂತ ಎತ್ತಿಡಿ, ಅದು ಎರಡು ತಿಂಗಳ ನಂತರದ ಖರ್ಚು. ಉಳಿದ ಹತ್ತು ಸಾವಿರದಲ್ಲಿ ಎರಡು ಮೈಕ್ ಹಾಕುವ ಸೌಂಡ್ ಕಾರ್ಡ್, ಒಂದು ಡೈನಾಮಿಕ್ ಮೈಕ್, ಕಿವಿ ಮುಚ್ಚುವ ವೈರಿನ ಹೆಡ್‌ಫೋನ್. ಎರಡನೆಯ ಮೈಕ್ ಮುಂದಿನ ವರ್ಷಕ್ಕಿರಲಿ. ಕಂಪ್ಯೂಟರಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕ್ ತೆಗೆದುಕೊಳ್ಳಬೇಡಿ. ಒಂದಾದರೆ ಚೆಂದ, ಎರಡು ಒಟ್ಟಿಗೆ ಬೇಕಾದಾಗ ಗೋಳು. ನಿಮ್ಮ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ. ಸಾಫ್ಟ್‌ವೇರ್ ದೂರುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹತ್ತರಲ್ಲಿ ಎಂಟು ಸಲ ಆ ಸದ್ದು ಅಲ್ಲಿಗೇ ನಿಲ್ಲುತ್ತದೆ.

ಇಷ್ಟೆಲ್ಲ ಕೊಳ್ಳುವ ತನಕ ಅತ್ತೆಯವರ ಹಾಡನ್ನು ಕಾಯಿಸಬೇಡಿ. ನಿಮ್ಮ ಹಾಡು ಮುಂದಿನ ವರ್ಷವೂ ಆದೀತು. ಈ ಭಾನುವಾರವೇ ಶುರು ಮಾಡಿ. ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಬೇಡ, ಅದರ ಫ್ಯಾನಿನ ಸದ್ದೇ ಬರುತ್ತದೆ. ಈಗಿನ ಮಟ್ಟಿಗೆ ಫೋನೇ ಸಾಕು. ಹಾಸಿಗೆ, ಬಟ್ಟೆಯ ಕಪಾಟು ಇರುವ ಕೋಣೆಯಲ್ಲಿ ಕೂರಿಸಿ, ಬರೀ ಗೋಡೆಯ ಜಗುಲಿ ಬೇಡ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇಡಿ. ಆಮೇಲೆ ಫೈಲನ್ನು ಆಡಾಸಿಟಿಗೆ ತಂದು ವೇವ್ ಮಾಡಿ, ಎರಡು ಕಡೆ ಇಟ್ಟುಕೊಳ್ಳಿ. ಪ್ರತಿ ಹಾಡಿಗೂ ಮುಂಚೆ ತಾರೀಖು, ಊರು, ಅವರ ಹೆಸರು, ಯಾವ ಶಾಸ್ತ್ರಕ್ಕೆ ಹಾಡುವ ಹಾಡು ಅಂತ ನೀವೇ ಜೋರಾಗಿ ಹೇಳಿ. ಫೈಲಿನ ಹೆಸರು ಬದಲಾಗಬಹುದು, ಒಳಗೆ ಮಾತಾಡಿದ್ದು ಬದಲಾಗುವುದಿಲ್ಲ.

ಹಾಡು ಮುಗಿದ ತಕ್ಷಣ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದೆರಡು ನಿಮಿಷ ಹಾಗೇ ಬಿಡಿ. ಇದನ್ನು ಕಲಿತದ್ದು ಯಾರಿಂದ, ಯಾರ ಮದುವೆಯಲ್ಲಿ ಮೊದಲು ಹಾಡಿದ್ದು, ಇನ್ನೊಂದು ಚರಣ ಇತ್ತಲ್ಲ ಅಂತ ಅವರು ಮಾತು ತೆಗೆಯುವುದು ಆಗಲೇ.